ಬ್ರೂವರಿ ಸಂಗ್ರಹಾಲಯಗಳು ಮತ್ತು ಕರ್ನಾಟಕದ ಪಾನೀಯ ಪರಂಪರೆ

ಬಿಯರ್ ತಯಾರಿಸುತ್ತಿದ್ದ, ಇಲ್ಲವೇ ಈಗಲೂ ತಯಾರಿಸುವ ಹಳೆಯ ಕಾರ್ಖಾನೆಯನ್ನು ಜನ ಬಂದು ನೋಡಲೆಂದು ತೆರೆದಿಟ್ಟ ಜಾಗವೇ ಬ್ರೂವರಿ ಸಂಗ್ರಹಾಲಯ. ತಾಮ್ರದ ಹಂಡೆಗಳು, ಓಕ್ ಮರದ ಪೀಪಾಯಿಗಳು, ಹಳೆಯ ಲೇಬಲ್ಲುಗಳು, ಲೆಕ್ಕದ ಪುಸ್ತಕಗಳು, ಗಾಡಿ ಎಳೆಯುತ್ತಿದ್ದ ಕುದುರೆಗಳ ಲಾಯ ಇಲ್ಲಿನ ಸಾಮಾನ್ಯ ಪ್ರದರ್ಶನ ವಸ್ತುಗಳು. ನೋಡುವುದು ಮುಗಿದ ಮೇಲೆ ಬಂದವರನ್ನು ರುಚಿ ನೋಡುವ ಕೋಣೆಗೆ ಕರೆದೊಯ್ಯುವುದು ಎಲ್ಲ ಕಡೆಯ ರೂಢಿ. ಇಂಥ ಸಂಗ್ರಹಾಲಯಗಳು ಯುರೋಪಿನಲ್ಲಿ ಹೆಚ್ಚು; ಜಪಾನ್ ಮತ್ತು ಚೀನಾದಲ್ಲೂ ಹೆಸರಾದವು ಇವೆ. ಕರ್ನಾಟಕದ ಕಥೆ ಬೇರೆ. ಬೆಂಗಳೂರಿನಲ್ಲಿ ಬಿಯರ್ ತಯಾರಿಕೆಗೆ ನೂರು ವರ್ಷ ಮೀರಿದ ಇತಿಹಾಸವಿದೆ, ಆದರೆ ಆ ಇತಿಹಾಸ ನಡೆದ ಕಟ್ಟಡ ಉಳಿದಿಲ್ಲ. ಬಂಕಾಪುರ ಸೀಮೆಯಂಥ ಕಡೆ, ಅಂದರೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸುತ್ತ, ಪಾನದ ಇತಿಹಾಸ ಇನ್ನೂ ಹಳೆಯದು. ಅದಕ್ಕಂತೂ ಎಂದೂ ಒಂದು ಕಟ್ಟಡವೇ ಇರಲಿಲ್ಲ.

ಸಂಗ್ರಹಾಲಯಗಳು ಹುಟ್ಟಿದ ಬಗೆ

ಹತ್ತೊಂಬತ್ತನೆಯ ಶತಮಾನದ ಬ್ರೂವರಿಗಳು ಊರಿನ ನಡುವೆಯೇ ಇದ್ದವು. ಬಿಯರ್ ಬೇಗ ಕೆಡುತ್ತಿತ್ತು, ಪೀಪಾಯಿಗಳನ್ನು ಕುದುರೆಗಾಡಿಯಲ್ಲಿ ಸಾಗಿಸಬೇಕಿತ್ತು. ಹಾಗಾಗಿ ಕುಡಿಯುವವರ ಹತ್ತಿರವೇ ತಯಾರಿಕೆ ನಡೆಯಬೇಕಿತ್ತು. ಶೀತಲ ಯಂತ್ರ, ಉಕ್ಕಿನ ತೊಟ್ಟಿ, ಲಾರಿ ಸಾಗಣೆ ಬಂದ ಮೇಲೆ ಈ ಕಟ್ಟುಪಾಡು ಕಳಚಿತು. ಕಂಪನಿಗಳು ಊರಾಚೆ ದೊಡ್ಡ ಕಾರ್ಖಾನೆ ಕಟ್ಟಿದವು. ನಗರದ ಮಧ್ಯೆ ಭಾರೀ ಇಟ್ಟಿಗೆ ಕಟ್ಟಡಗಳು ಖಾಲಿ ಉಳಿದವು. ಅವುಗಳನ್ನು ಒಡೆದು ನಿವೇಶನ ಮಾಡಬಹುದಿತ್ತು, ಅನೇಕ ಕಡೆ ಮಾಡಿದರು. ಉಳಿಸಿದ ಕೆಲವು ಕಡೆ ಅವು ಸಂಗ್ರಹಾಲಯಗಳಾದವು.

ಆಮ್‌ಸ್ಟರ್‌ಡ್ಯಾಮಿನ ಹೈನೆಕೆನ್ ಬ್ರೂವರಿ 1867ರಲ್ಲಿ ಕಟ್ಟಿದ್ದು. 1988ರಲ್ಲಿ ಅಲ್ಲಿ ತಯಾರಿಕೆ ನಿಂತಿತು, ಕೆಲವೇ ವರ್ಷಗಳಲ್ಲಿ ಅದೇ ಕಟ್ಟಡ ಪ್ರವಾಸಿಗರಿಗೆ ತೆರೆಯಿತು. ಡಬ್ಲಿನ್ನಿನ ಗಿನ್ನೆಸ್ ಸ್ಟೋರ್‌ಹೌಸ್ 1904ರಲ್ಲಿ ಮುಗಿದ ಹುದುಗು ಮನೆ. ಅದೂ 1988ರವರೆಗೆ ಕೆಲಸ ಮಾಡಿ, 2000ದ ಡಿಸೆಂಬರಿನಲ್ಲಿ ಏಳು ಅಂತಸ್ತಿನ ಪ್ರದರ್ಶನ ಮಂದಿರವಾಯಿತು. ನಡುವಿನ ತೆರವು ಬಿಯರ್ ಲೋಟದ ಆಕಾರದಲ್ಲಿದೆ. ತುದಿಯ ಗಾಜಿನ ಬಾರಿನಿಂದ ಇಡೀ ನಗರ ಕಾಣುತ್ತದೆ. ಆರ್ಥರ್ ಗಿನ್ನೆಸ್ 1759ರಲ್ಲಿ ಆ ಜಾಗವನ್ನು ವರ್ಷಕ್ಕೆ 45 ಪೌಂಡಿನಂತೆ 9,000 ವರ್ಷಗಳಿಗೆ ಗುತ್ತಿಗೆ ಹಿಡಿದ ಪತ್ರ ಅಲ್ಲಿನ ಮುಖ್ಯ ಆಕರ್ಷಣೆ. ಗುತ್ತಿಗೆ ಕೊಟ್ಟವರ ಮೊಮ್ಮಕ್ಕಳು ಈ ಪತ್ರದ ಬಗ್ಗೆ ಏನೆಂದುಕೊಂಡರೋ ಅದನ್ನು ಯಾವ ಫಲಕವೂ ಹೇಳುವುದಿಲ್ಲ.

ಜೆಕ್ ದೇಶದ ಪಿಲ್ಸೆನ್ ಊರಿನದು ಇನ್ನೊಂದು ಬಗೆ. 1842ರಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯದ ತಯಾರಕ ಇಲ್ಲಿ ತಿಳಿ ಹೊಂಬಣ್ಣದ ಲಾಗರ್ ಇಳಿಸಿದ. ಇವತ್ತು ಭಾರತದ ಯಾವುದೇ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿಯರ್ ಆ ವಂಶದ್ದೇ. ಪಿಲ್ಸೆನ್ನಿನಲ್ಲಿ ಕಾರ್ಖಾನೆ ನಿಂತಿಲ್ಲ. ಭೇಟಿಯ ಕೊನೆಗೆ ನೆಲದಡಿಯ ತಣ್ಣನೆಯ ಸುರಂಗಗಳಿಗೆ ಇಳಿಸಿ, ಓಕ್ ಪೀಪಾಯಿಯಿಂದ ನೇರವಾಗಿ ಸೋಸದ ಬಿಯರ್ ಬಗ್ಗಿಸಿ ಕೊಡುತ್ತಾರೆ. ಸುರಂಗಗಳ ಒಟ್ಟು ಉದ್ದ ಸುಮಾರು 9 ಕಿಲೋಮೀಟರ್. ಶೀತಲ ಯಂತ್ರವಿಲ್ಲದ ಕಾಲದಲ್ಲಿ ಬಿಯರನ್ನು ತಣ್ಣಗಿಡಲು ಅಷ್ಟು ಅಗೆಯಬೇಕಾಗಿತ್ತು.

ಭಾರತದ ಓದುಗರಿಗೆ ಹೆಚ್ಚು ಸಂಬಂಧಪಟ್ಟ ಸಂಗ್ರಹಾಲಯ ಇಂಗ್ಲೆಂಡಿನ ಬರ್ಟನ್ ಊರಿನದಾಗಿತ್ತು. 1977ರಲ್ಲಿ ಬ್ಯಾಸ್ ಮ್ಯೂಸಿಯಂ ಎಂದು ಆರಂಭವಾಗಿ, ಮುಂದೆ ರಾಷ್ಟ್ರೀಯ ಬ್ರೂವರಿ ಕೇಂದ್ರವೆಂದು ಹೆಸರು ಬದಲಿಸಿಕೊಂಡು, 2022ರಲ್ಲಿ ಮುಚ್ಚಿತು. ಕಂಪನಿಯೊಂದರ ಕಚೇರಿಗೆ ಜಾಗ ಬೇಕಾಗಿತ್ತು. ಬರ್ಟನ್ ಎಂದರೆ ಇಂಡಿಯಾ ಪೇಲ್ ಏಲ್ ಎಂಬ ಬಿಯರಿನ ತವರು. ಕಲ್ಕತ್ತೆಗೆ ಹೋಗುವ ಪೀಪಾಯಿಗಳು ತುಂಬುತ್ತಿದ್ದ ಊರು. ಲಾಭದ ಮೇಲೆ ನಿಂತ ಸಂಗ್ರಹಾಲಯಕ್ಕೆ ಚರಿತ್ರೆ ಎಷ್ಟು ದೊಡ್ಡದಿದ್ದರೂ ರಕ್ಷಣೆ ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಸಿಗದು.

ತಯಾರಿಕೆಯ ಹಾದಿ

ಬ್ರೂವರಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಹಂಡೆಗಳಾದರೂ ಕೆಲಸ ಶುರುವಾಗುವುದು ಕಾಳಿನಿಂದ. ಜವೆಗೋಧಿಯನ್ನು, ಅಂದರೆ ಬಾರ್ಲಿಯನ್ನು, ನೆನೆಸಿ ಮೊಳಕೆ ಬರಿಸುತ್ತಾರೆ. ಮೊಳಕೆಯೊಡೆಯುವಾಗ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಹುಟ್ಟುತ್ತವೆ. ಸರಿಯಾದ ಹೊತ್ತಿಗೆ ಬಿಸಿಗಾಳಿ ಹಾಯಿಸಿ ಮೊಳಕೆಯನ್ನು ನಿಲ್ಲಿಸಿ ಒಣಗಿಸಿದರೆ ಅದು ಮಾಲ್ಟ್. ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿದು ಮಕ್ಕಳಿಗೆ ಮಾಲ್ಟ್ ಮಾಡುವಾಗ ನಡೆಯುವುದೂ ಇದೇ. ಒಣಗಿಸುವ ಶಾಖ ಹೆಚ್ಚಿದಷ್ಟೂ ಮಾಲ್ಟಿನ ಬಣ್ಣ ಕಪ್ಪಾಗುತ್ತದೆ. ಗಿನ್ನೆಸಿನಂಥ ಕಪ್ಪು ಬಿಯರಿಗೆ ಬಣ್ಣ ಕೊಡುವುದು ಚೆನ್ನಾಗಿ ಹುರಿದ ಜವೆಗೋಧಿ.

ಮಾಲ್ಟನ್ನು ಒಡೆದು 65–68 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಕಲಸಿಟ್ಟಾಗ ಸಿಹಿ ನೀರು ಹುಟ್ಟುತ್ತದೆ. ಅದನ್ನು ಸೋಸಿ ಹಂಡೆಯಲ್ಲಿ ಒಂದರಿಂದ ಒಂದೂವರೆ ಗಂಟೆ ಕುದಿಸುತ್ತಾರೆ. ಹಾಪ್ಸ್ ಎಂಬ ಬಳ್ಳಿಯ ಒಣ ಹೂಗಳು ಬೀಳುವುದು ಈ ಹಂತದಲ್ಲಿ. ಕಹಿ, ಪರಿಮಳ, ಕೆಡದಿರುವ ಗುಣ, ಮೂರೂ ಹಾಪ್ಸಿನಿಂದ. ಬಳಿಕ ತಣಿಸಿ, ಯೀಸ್ಟ್ ಸೇರಿಸಿ ಹುದುಗಲು ಬಿಡುತ್ತಾರೆ. ಏಲ್ ಬಗೆಯವು 15 ಡಿಗ್ರಿಗಿಂತ ಮೇಲಿನ ಬಿಸಿಯಲ್ಲಿ ಕೆಲವೇ ದಿನಗಳಲ್ಲಿ ಹುದುಗುತ್ತವೆ. ಲಾಗರ್ ಬಗೆಯವಕ್ಕೆ 7ರಿಂದ 13 ಡಿಗ್ರಿಯ ತಣ್ಣನೆಯೂ, ಆಮೇಲೆ ವಾರಗಟ್ಟಲೆ ಇನ್ನೂ ತಣ್ಣನೆಯ ವಿಶ್ರಾಂತಿಯೂ ಬೇಕು. ಬಿಯರಿನ ಭೂಗೋಳವನ್ನು ನಿರ್ಧರಿಸಿದ್ದು ಈ ಉಷ್ಣತೆಯ ಅಂಕಿಗಳೇ. ಬೆಂಗಳೂರಿನ ಪ್ರಸ್ತಾಪ ಬಂದಾಗ ಅವು ಮತ್ತೆ ಬೇಕಾಗುತ್ತವೆ.

ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಸಂಗ್ರಹಾಲಯದಲ್ಲಿ ಹಂಡೆಗಿಂತ ಪ್ರಯೋಗಾಲಯವೇ ನೋಡತಕ್ಕದ್ದು. ಲೂಯಿ ಪಾಸ್ಚರ್ 1876ರಲ್ಲಿ ಬಿಯರ್ ಕುರಿತ ತನ್ನ ಅಧ್ಯಯನವನ್ನು ಪ್ರಕಟಿಸಿ, ಹುದುಗುವುದು ಜೀವಿಗಳ ಕೆಲಸ, ಕೆಡುವುದೂ ಜೀವಿಗಳ ಕೆಲಸ ಎಂದು ತೋರಿಸಿದ್ದ. ಆ ದಾರಿಯಲ್ಲೇ ಮುಂದುವರಿದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ. ಕಂಪನಿ ಆ ಯೀಸ್ಟನ್ನು ಬಚ್ಚಿಡದೆ ಬೇರೆ ತಯಾರಕರಿಗೂ ಹಂಚಿತು. ಆಮ್ಲ–ಕ್ಷಾರಗಳನ್ನು ಅಳೆಯುವ ಪಿಎಚ್ ಮಾನವೂ ಅದೇ ಪ್ರಯೋಗಾಲಯದ ಕೊಡುಗೆ. ಸೊರೆನ್‌ಸನ್ ಅದನ್ನು ರೂಪಿಸಿದ್ದು 1909ರಲ್ಲಿ. ನಮ್ಮ ಹಳ್ಳಿಯ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬರುವ ಆ ಅಂಕಿ ಬ್ರೂವರಿಯೊಂದರಲ್ಲಿ ಹುಟ್ಟಿತೆಂಬುದು ಬಹಳ ರೈತರಿಗೆ ತಿಳಿಯದ ಸಂಗತಿ.

ರುಚಿ ನೋಡುವ ಕೋಣೆ

ಟೇಸ್ಟಿಂಗ್ ರೂಮ್ ಎಂದರೆ ಬಾರ್ ಅಲ್ಲ, ಅಥವಾ ಆಗಬಾರದು. ಇಲ್ಲಿ ಅಳತೆ ಚಿಕ್ಕದು: ನಾಲ್ಕೋ ಆರೋ ಪುಟ್ಟ ಲೋಟಗಳನ್ನು ಹಲಗೆಯೊಂದರ ಮೇಲೆ ಸಾಲಾಗಿ ಇಟ್ಟು ಕೊಡುತ್ತಾರೆ. ಒಂದೊಂದರಲ್ಲೂ ನೂರು ಮಿಲಿಲೀಟರಿನ ಆಸುಪಾಸು. ತಿಳಿಯಾದದ್ದರಿಂದ ಕಪ್ಪಿನ ಕಡೆಗೆ, ಸಪ್ಪೆಯಿಂದ ಕಹಿಯ ಕಡೆಗೆ ಸಾಗುವುದು ಕ್ರಮ. ಕಹಿ ಬಿಯರನ್ನು ಮೊದಲು ಕುಡಿದವರಿಗೆ ಆಮೇಲಿನ ಯಾವುದೂ ರುಚಿಸುವುದಿಲ್ಲ. ನಡುವೆ ಬಾಯಿ ಮುಕ್ಕಳಿಸಲು ನೀರು, ನಾಲಿಗೆ ಹಗುರ ಮಾಡಿಕೊಳ್ಳಲು ಬ್ರೆಡ್ಡಿನ ಚೂರು ಇರುತ್ತದೆ. ಖಾರದ ಮಂಡಕ್ಕಿ, ಮಿರ್ಚಿ ಬಜ್ಜಿ ಅಲ್ಲಿ ಸಲ್ಲ; ಮೆಣಸಿನ ಉರಿ ಎಲ್ಲ ಸೂಕ್ಷ್ಮವನ್ನೂ ಅಳಿಸಿಹಾಕುತ್ತದೆ. ಬ್ಯಾಡಗಿಯ ಪಕ್ಕದ ಸೀಮೆಯವರಿಗೆ ಈ ನಿಯಮ ಸ್ವಲ್ಪ ಕಷ್ಟವೇ.

ಮೊದಲು ಬೆಳಕಿಗೆ ಹಿಡಿದು ಬಣ್ಣ, ತಿಳಿ, ನೊರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನೋಡಬೇಕು. ಲೋಟವನ್ನು ಮೆಲ್ಲಗೆ ತಿರುವಿ ಮೂಸಬೇಕು. ಬಿಯರಿನ ಪರಿಚಯದಲ್ಲಿ ಹೆಚ್ಚು ಪಾಲು ಮೂಗಿನದೇ: ಬಾಳೆಹಣ್ಣಿನ ಹಾಗೂ ಲವಂಗದ ವಾಸನೆ ಗೋಧಿ ಬಿಯರಿನ ಯೀಸ್ಟಿನಿಂದ, ಕಿತ್ತಳೆಯದು ಹಾಪ್ಸಿನಿಂದ, ಕಾಫಿಯದು ಹುರಿದ ಕಾಳಿನಿಂದ ಬಂದಿರುತ್ತದೆ. ಆಮೇಲೆ ಒಂದು ಗುಟುಕು. ವೈನ್ ರುಚಿ ನೋಡುವವರು ಉಗುಳುವುದುಂಟು. ಬಿಯರಿನಲ್ಲಿ ಸಾಮಾನ್ಯವಾಗಿ ನುಂಗುತ್ತಾರೆ, ಕಹಿಯ ಕೊನೆಯ ಎಳೆ ಗಂಟಲಿನ ಬಳಿಯೇ ತಿಳಿಯುವುದರಿಂದ. ತೀರಾ ತಣ್ಣಗಿದ್ದರೆ ರುಚಿ ಮುಚ್ಚಿಹೋಗುತ್ತದೆ. ಲಾಗರಿಗೆ 4–7 ಡಿಗ್ರಿ, ಏಲುಗಳಿಗೆ 8–12 ಡಿಗ್ರಿ ಒಪ್ಪುತ್ತದೆ. ಬಿಯರನ್ನು ಮಂಜುಗಡ್ಡೆಯಷ್ಟು ತಣ್ಣಗೆ ಕುಡಿಯಬೇಕೆಂಬ ನಮ್ಮ ರೂಢಿ ಬಿಸಿಲಿನಿಂದ ಬಂದದ್ದು ನಿಜ, ಅದರಲ್ಲಿ ಕೆಟ್ಟ ಬಿಯರಿನ ದೋಷ ಮುಚ್ಚಿಡುವ ಅನುಕೂಲವೂ ಇದೆ.

ಭಾರತದ ಆಹಾರ ಸುರಕ್ಷತಾ ನಿಯಮದಲ್ಲಿ ಬಿಯರಿನ ಮದ್ಯಾಂಶಕ್ಕೆ ಶೇ 8ರ ಮಿತಿಯಿದೆ. ಶೇ 5 ದಾಟಿದ್ದು ಸ್ಟ್ರಾಂಗ್. ದೇಶದಲ್ಲಿ ಹೆಚ್ಚು ಖರ್ಚಾಗುವುದು ಸ್ಟ್ರಾಂಗ್ ಬಗೆಯೇ. ರುಚಿ ಕೋಣೆಯ ಶಿಸ್ತಿಗೂ ಈ ಅಭ್ಯಾಸಕ್ಕೂ ಆಗಿಬರುವುದಿಲ್ಲ.

ಬಿಯರ್ ಭಾರತಕ್ಕೆ ಬಂದದ್ದು

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬಿಯರ್ ಹಡಗಿನಲ್ಲಿ ಬರುತ್ತಿತ್ತು. ತಿಂಗಳುಗಟ್ಟಲೆ ಸಮುದ್ರಯಾನ, ಎರಡು ಸಲ ಸಮಭಾಜಕ ವೃತ್ತ ದಾಟುವ ಸೆಕೆ. ಲಂಡನ್ನಿನ ಬೋ ಎಂಬಲ್ಲಿಯ ಹಾಜ್‌ಸನ್ ಬ್ರೂವರಿ ಈ ವ್ಯಾಪಾರದಲ್ಲಿ ಮೊದಲು ಹೆಸರು ಮಾಡಿತು. 1820ರ ದಶಕದಲ್ಲಿ ಬರ್ಟನ್ನಿನ ಆಲ್ಸಾಪ್, ಬ್ಯಾಸ್ ಕಂಪನಿಗಳು ಅದನ್ನು ಹಿಂದೆ ಹಾಕಿದವು. ಹಾಪ್ಸ್ ಹೆಚ್ಚು ಹಾಕಿದ ಆ ಪೇಲ್ ಏಲನ್ನು ಭಾರತಕ್ಕೆಂದೇ ಒಬ್ಬಾತ ಕಂಡುಹಿಡಿದ ಎಂಬ ಕಥೆಯನ್ನು ಸಂಗ್ರಹಾಲಯದ ಫಲಕಗಳಲ್ಲಿ ಎಷ್ಟೋ ಸಲ ಓದಬಹುದು. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಹೆಚ್ಚು ಹಾಪ್ಸ್ ಹಾಕಿದ ಬಿಯರ್ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ಸಾಮಾನ್ಯ ಸೈನಿಕರಿಗೆಂದು ಬರುತ್ತಿದ್ದುದು ಹೆಚ್ಚಾಗಿ ಪೋರ್ಟರ್ ಎಂಬ ಕಪ್ಪು ಬಿಯರ್. ಪೇಲ್ ಏಲ್ ಅಧಿಕಾರಿಗಳ, ಸಾಹುಕಾರರ ಪಾನೀಯವಾಗಿತ್ತು. ಕಂಪನಿಗಳೇ ನಡೆಸುವ ಸಂಗ್ರಹಾಲಯಗಳು ಕಂಪನಿಯ ಕಥೆಯನ್ನೇ ಹೇಳುತ್ತವೆ ಎಂಬ ಎಚ್ಚರ ಭೇಟಿ ಕೊಡುವವರಿಗೆ ಇರಬೇಕು.

ಇಲ್ಲೇ ತಯಾರಿಸುವ ಯೋಚನೆ ಬಂದಾಗ ಅಡ್ಡಿಯಾದದ್ದು ಬಿಸಿಲು. ಶೀತಲ ಯಂತ್ರ ಬರುವ ಮುಂಚೆ ಬ್ರೂವರಿಗಳು ಬೆಟ್ಟ ಹತ್ತಿದವು: ಹಿಮಾಲಯದ ತಪ್ಪಲಿನ ಕಸೌಲಿ, ಈಗ ಪಾಕಿಸ್ತಾನದಲ್ಲಿರುವ ಮರೀ, ದಕ್ಷಿಣದಲ್ಲಿ ನೀಲಗಿರಿ. ಕಸೌಲಿಯ ಬ್ರೂವರಿಯನ್ನು ಕಟ್ಟಿದ ಎಡ್ವರ್ಡ್ ಡಯರ್, ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಲು ಆಜ್ಞೆ ಕೊಟ್ಟ ಜನರಲ್ ಡಯರನ ತಂದೆ. 1860ರಲ್ಲಿ ಶುರುವಾದ ಮರೀ ಬ್ರೂವರಿ ರಾವಲ್ಪಿಂಡಿಗೆ ಸ್ಥಳಾಂತರಗೊಂಡು ಇಂದಿಗೂ ನಡೆಯುತ್ತಿದೆ, ಮುಸ್ಲಿಮರಿಗೆ ಮದ್ಯ ನಿಷೇಧವಿರುವ ದೇಶದಲ್ಲಿ.

ಬೆಂಗಳೂರು

ಬೆಂಗಳೂರಿಗೆ ಬಿಯರ್ ಒಗ್ಗಿದ್ದಕ್ಕೆ ಕಾರಣ ಎರಡು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದ್ದುದರಿಂದ ಹವೆ ತಂಪು. 1809ರಿಂದ ದಂಡು ಪ್ರದೇಶ ಬೆಳೆದುದರಿಂದ ಕುಡಿಯುವ ಗಿರಾಕಿ ಪಕ್ಕದಲ್ಲೇ ಇದ್ದ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಂಗಳೂರು ಮತ್ತು ನೀಲಗಿರಿಗಳಲ್ಲಿ ಹಲವು ಸಣ್ಣ ಬ್ರೂವರಿಗಳಿದ್ದವು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವ ಅವುಗಳಲ್ಲಿ ಐದನ್ನು ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಐದರಲ್ಲಿ ಹಳೆಯದಾದ ಕ್ಯಾಸಲ್ ಬ್ರೂವರಿ 1857ರದು. ಕಂಪನಿ ಮೊದಲು ಗಳಿಸಿದ್ದು ಸೈನ್ಯಕ್ಕೆ ಪೀಪಾಯಿಗಟ್ಟಲೆ ಬಿಯರ್ ಒದಗಿಸಿ. ಸಾಗಣೆ ಎತ್ತಿನ ಗಾಡಿಗಳಲ್ಲಿ.

ಬಂಟ್ವಾಳ ಮೂಲದ ವಿಠಲ ಮಲ್ಯ 1947ರಲ್ಲಿ ಈ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರಾದರು. ಪಾನನಿರೋಧದ ಗಾಳಿ ಬೀಸುತ್ತಿದ್ದ ಆ ಹೊತ್ತಿನಲ್ಲಿ ಬ್ರಿಟಿಷರು ಬಿಟ್ಟುಹೋಗುತ್ತಿದ್ದ ಮದ್ಯದ ಕಂಪನಿಗಳನ್ನು ಕೊಳ್ಳುವುದು ಬಹಳ ಜನಕ್ಕೆ ಹುಚ್ಚುತನವಾಗಿ ಕಂಡಿರಬೇಕು. 1978ರಲ್ಲಿ ಕಿಂಗ್‌ಫಿಷರ್ ಮಾರುಕಟ್ಟೆಗೆ ಬಂತು. ಮಗ ವಿಜಯ ಮಲ್ಯರ ಕಾಲದ ಏರಿಳಿತ ಓದುಗರಿಗೆ ಗೊತ್ತಿದ್ದದ್ದೇ. 2021ರಲ್ಲಿ ಹೈನೆಕೆನ್ ಕಂಪನಿ ಶೇ 61.5ರಷ್ಟು ಪಾಲು ಹಿಡಿದು ಒಡೆತನ ಪಡೆಯಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ ತನ್ನ ಹಳೆಯ ಕಟ್ಟಡವನ್ನು ಜೋಪಾನ ಮಾಡಿ ಟಿಕೆಟ್ಟಿಟ್ಟು ತೋರಿಸುವ ಕಂಪನಿಯ ಕೈಗೆ ಬೆಂಗಳೂರಿನ ಪರಂಪರೆ ಬಂದಾಗ ಇಲ್ಲಿ ತೋರಿಸಲು ಕಟ್ಟಡವೇ ಇರಲಿಲ್ಲ. ಗ್ರ್ಯಾಂಟ್ ರಸ್ತೆಯಲ್ಲಿ, ಅಂದರೆ ಇಂದಿನ ವಿಠಲ ಮಲ್ಯ ರಸ್ತೆಯಲ್ಲಿ, ಬ್ರೂವರಿ ಇದ್ದ ಜಾಗದ ಮೇಲೆ 2008ರಲ್ಲಿ ಯುಬಿ ಸಿಟಿ ತೆರೆಯಿತು. ಕಚೇರಿ, ಹೋಟೆಲು, ವಿದೇಶೀ ಬ್ರ್ಯಾಂಡಿನ ಅಂಗಡಿಗಳ ಆ ಗೋಪುರಗಳ ನಡುವೆ ನಿಂತವರಿಗೆ ಒಂದು ಕಾಲದಲ್ಲಿ ಇಲ್ಲಿ ಮಾಲ್ಟ್ ಕುದಿಯುವ ವಾಸನೆ ಬರುತ್ತಿತ್ತೆಂದು ಊಹಿಸಲೂ ಆಗದು. ಒಂದು ಹಂಡೆ ಮನೆಯನ್ನಾದರೂ ಉಳಿಸಿಕೊಂಡಿದ್ದರೆ ನಗರಕ್ಕೆ ಒಳ್ಳೆಯ ಕೈಗಾರಿಕಾ ಸಂಗ್ರಹಾಲಯ ಸಿಗುತ್ತಿತ್ತು. ದರ್ಶಿನಿ, ಟಾಕೀಸು, ಕೆರೆಗಳ ಬಗ್ಗೆ ಹಲುಬುವ ಬೆಂಗಳೂರು ಈ ನಷ್ಟದ ಬಗ್ಗೆ ಮಾತಾಡಿದ್ದು ಕಡಿಮೆ.

ಆ ಕೊರತೆಯನ್ನು ಬೇರೊಂದು ರೀತಿಯಲ್ಲಿ ಸ್ವಲ್ಪ ತುಂಬಿದ್ದು ಮೈಕ್ರೊಬ್ರೂವರಿಗಳು. ಅಬಕಾರಿ ನಿಯಮದಲ್ಲಿ ಅವಕಾಶವಾದ ಬಳಿಕ 2010–11ರ ಸುಮಾರಿಗೆ ಇಂದಿರಾನಗರದ ಟಾಯ್ಟ್, ವಿಠಲ ಮಲ್ಯ ರಸ್ತೆಯದೇ ಆದ ಬಿಯರ್ ಕ್ಲಬ್ ಮುಂತಾದವು ಶುರುವಾದವು. ಈಗ ಅವು ಹತ್ತಾರು. ಗಾಜಿನ ಗೋಡೆಯ ಹಿಂದೆ ಹಂಡೆ, ಹುದುಗು ತೊಟ್ಟಿ, ಕೊಳವೆಗಳೆಲ್ಲ ಕಾಣುತ್ತವೆ. ಅದೇ ತೊಟ್ಟಿಯಿಂದ ಬಿಯರ್ ಮೇಜಿಗೆ ಬರುತ್ತದೆ. ಬಿಡುವಿದ್ದಾಗ ಕೇಳಿದರೆ ತಯಾರಕರು ಮಾಲ್ಟಿನ ಕಾಳನ್ನು ಅಂಗೈಗೆ ಸುರಿದು ತಿನ್ನಿಸುತ್ತಾರೆ. ಯಂತ್ರ ನಿಂತುಹೋದ ಸಂಗ್ರಹಾಲಯಕ್ಕಿಂತ ಕೆಲಸ ನಡೆಯುತ್ತಿರುವ ಇಂಥ ಕಡೆಯೇ ತಯಾರಿಕೆ ಚೆನ್ನಾಗಿ ಅರ್ಥವಾಗುವುದು. ರಾಗಿ, ಮಾವು, ಕೊಡಗಿನ ಕಾಫಿ, ಬೆಲ್ಲ ಹಾಕಿದ ಪ್ರಯೋಗಗಳೂ ಇಲ್ಲಿ ಆಗಿವೆ. ಎಲ್ಲವೂ ಗೆದ್ದಿಲ್ಲ. ಆದರೆ ಹಾಪ್ಸಿನ ಬಹುಪಾಲನ್ನು ಹೊರದೇಶದಿಂದ, ಜವೆಗೋಧಿಯನ್ನು ರಾಜಸ್ಥಾನ–ಹರಿಯಾಣಗಳಿಂದ ತರಿಸಿಕೊಳ್ಳುವ ಉದ್ಯಮದಲ್ಲಿ ಸ್ಥಳೀಯವೆಂದು ಹೇಳಿಕೊಳ್ಳಲು ಇರುವ ದಾರಿ ಅದೊಂದೇ.

ಬಂಕಾಪುರ ಸೀಮೆಯ ಕಥೆ

ಪುಣೆ–ಬೆಂಗಳೂರು ಹೆದ್ದಾರಿಗೆ ಹತ್ತಿರದ ಬಂಕಾಪುರ ಬ್ರೂವರಿಯ ಊರಲ್ಲ. ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೆಯನ ಹೆಸರಿನ ಈ ಊರು ಜೈನ ವಿದ್ಯೆಯ ಕೇಂದ್ರವಾಗಿತ್ತು. ಗುಣಭದ್ರರ ಉತ್ತರಪುರಾಣ ಶಕ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಬಂಕೆಯನ ಮಗ ಲೋಕಾದಿತ್ಯ ಆಳುತ್ತಿದ್ದಾಗ ಇಲ್ಲಿ ಪೂಜೆಗೊಂಡಿತು. ಗಂಗರ ಮಾರಸಿಂಹ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡದ್ದು, ಕವಿ ರನ್ನ ಅದೇ ಗುರುಗಳ ಬಳಿ ಓದಿದ್ದು ಇಲ್ಲಿಯೇ ಎನ್ನುತ್ತಾರೆ. ಮದ್ಯ, ಮಾಂಸ, ಮಧುಗಳ ತ್ಯಾಗ ಜೈನ ಶ್ರಾವಕರ ಮೂಲಗುಣಗಳಲ್ಲಿ ಸೇರಿದ್ದು. ಹುದುಗಿದ್ದರಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಹುಟ್ಟುತ್ತವೆ, ಕುಡಿದರೆ ಅವುಗಳ ಹಿಂಸೆಯಾಗುತ್ತದೆ ಎಂಬುದು ಅವರು ಕೊಡುವ ಕಾರಣ. ಪಾಸ್ಚರ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಇವರು ಬೇರೆ ದಾರಿಯಲ್ಲಿ ಊಹಿಸಿ, ಬೇರೆ ತೀರ್ಮಾನಕ್ಕೆ ಬಂದಿದ್ದರು.

ಅದೇ ನಾಡಿನಲ್ಲಿ ಕುಡಿತವೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ರಾಜಭೋಗಗಳ ಪಟ್ಟಿಯಲ್ಲಿ ಪಾನೀಯಗಳಿಗೂ ಜಾಗ ಕೊಟ್ಟಿದೆ. ಅದೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬಾತ ಹೆಂಡ ಮಾರುವ ಕಾಯಕದವನು. ಅರಮನೆಯ ಪಾನವನ್ನೂ ಗಡಂಗಿನ ಹೆಂಡವನ್ನೂ ಒಂದೇ ಕಾಲದ ಬರಹದಲ್ಲಿ ಕಾಣಲು ಸಿಗುವುದು ಸಣ್ಣ ಭಾಗ್ಯವಲ್ಲ.

ಬಯಲುಸೀಮೆಯ ಹೆಂಡ ಹೆಚ್ಚಾಗಿ ಈಚಲ ಮರದ್ದು. ಧಾರವಾಡದ ಕಡೆ ಶೇಂದಿ ಎಂಬ ಹೆಸರೂ ಇದೆ. ಮರದ ತಲೆಯ ಬಳಿ ತೊಗಟೆ ಕೆತ್ತಿ ಮಡಕೆ ಕಟ್ಟಿದರೆ ರಾತ್ರಿಯಿಡೀ ರಸ ಇಳಿಯುತ್ತದೆ. ನಸುಕಿನಲ್ಲಿ ಇಳಿಸಿದಾಗ ಅದು ಸಿಹಿ ನೀರಾ. ಮಡಕೆಯಲ್ಲೂ ಗಾಳಿಯಲ್ಲೂ ಇರುವ ಯೀಸ್ಟ್ ಕೆಲವೇ ಗಂಟೆಗಳಲ್ಲಿ ಅದನ್ನು ಹೆಂಡ ಮಾಡುತ್ತದೆ. ಮಡಕೆಗೆ ಸುಣ್ಣ ಬಳಿದರೆ ಹುದುಗುವುದು ತಡವಾಗುತ್ತದೆ. ಕುದಿಸುವ ಹಂಡೆ ಬೇಡ, ಮಾಲ್ಟ್ ಬೇಡ, ತಣಿಸುವ ಸುರಂಗ ಬೇಡ. ಹಾಗೆಂದೇ ಮರುದಿನಕ್ಕೆ ಅದು ಹುಳಿ, ಮಾರಾಟ ಊರಿನ ಸುತ್ತಳತೆಯೊಳಗೆ. ವರ್ಷ ಬಿಟ್ಟು ವರ್ಷ ಎದುರು ಬದಿಗೆ ಕೆತ್ತುವುದರಿಂದ ಈಚಲ ಕಾಂಡದ ಮೇಲೆ ಮೆಟ್ಟಿಲು ಮೆಟ್ಟಿಲಾದ ಗಾಯಗಳು ಉಳಿಯುತ್ತವೆ; ಅವನ್ನು ಎಣಿಸಿ ಮರ ಎಷ್ಟು ಸಲ ಹೆಂಡ ಕೊಟ್ಟಿತೆಂದು ಹೇಳಬಹುದು. ಈ ಸೀಮೆಗೆ ಪಾನೀಯ ಸಂಗ್ರಹಾಲಯವೊಂದು ಆಗುವುದಾದರೆ ಬಾಗಿಲಲ್ಲೇ ಇಂಥ ಒಂದು ಕಾಂಡವನ್ನು ನಿಲ್ಲಿಸಬೇಕು.

ಬ್ರಿಟಿಷರ ಕಾಲಕ್ಕೆ ಈ ಭಾಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಶಿಗ್ಗಾಂವಿ ಕೇಂದ್ರವಾಗಿದ್ದ ತಾಲ್ಲೂಕಿಗೇ ಬಂಕಾಪುರದ ಹೆಸರಿತ್ತು. 1878ರ ಮುಂಬಯಿ ಅಬಕಾರಿ ಕಾಯ್ದೆ ಹೆಂಡ ಇಳಿಸುವುದನ್ನೂ ಸಾರಾಯಿ ಬಟ್ಟಿ ಇಳಿಸುವುದನ್ನೂ ಪರವಾನಗಿ, ಮರಗಂದಾಯ, ಹರಾಜುಗಳ ಹಿಡಿತಕ್ಕೆ ತಂದಿತು. ಮಗ್ಗುಲಲ್ಲೇ ಸವಣೂರು ನವಾಬರ ಸಂಸ್ಥಾನ, ಸ್ವಲ್ಪ ದೂರದಲ್ಲಿ ಮೀರಜ, ಸಾಂಗಲಿ ಸಂಸ್ಥಾನಗಳ ತುಂಡು ತುಂಡು ಹಳ್ಳಿಗಳು. ಗಡಿಯಾಚೆ ಅಗ್ಗದ ಮದ್ಯ ಸಿಕ್ಕರೆ ಈಚೆಯ ಹರಾಜು ಬಿದ್ದುಹೋಗುತ್ತದೆಂದು ಮುಂಬಯಿ ಸರಕಾರ ಎಷ್ಟೋ ಸಂಸ್ಥಾನಗಳ ಅಬಕಾರಿ ಹಕ್ಕನ್ನೇ ಗುತ್ತಿಗೆಗೆ ಪಡೆದುಕೊಂಡಿತ್ತು. ಕುಡಿತವನ್ನು 'ನಿಯಂತ್ರಿಸುವ' ಮಾತಿನ ಹಿಂದೆ ಆದಾಯದ ಲೆಕ್ಕ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಇಷ್ಟು ಸಾಕು. ಸ್ವಾತಂತ್ರ್ಯ ಚಳವಳಿ ಮದ್ಯದಂಗಡಿ ಹಾಗೂ ಈಚಲ ಮರಗಳತ್ತ ತಿರುಗಿದ್ದೂ ಇದೇ ಕಾರಣಕ್ಕೆ. 1939ರಲ್ಲಿ ಚಿತ್ರದುರ್ಗ ಬಳಿಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲ ಮರಗಳನ್ನು ಕಡಿದದ್ದು ಆ ಹೋರಾಟದ ಹೆಸರಾಂತ ಘಟನೆ.

ಸ್ವಾತಂತ್ರ್ಯದ ಬಳಿಕ 1949ರ ಮುಂಬಯಿ ಪಾನನಿರೋಧ ಕಾಯ್ದೆ ಧಾರವಾಡ ಜಿಲ್ಲೆಗೂ ಅನ್ವಯಿಸಿತು. 1956ರಲ್ಲಿ ಏಕೀಕರಣವಾದಾಗ ವಿಚಿತ್ರ ಸ್ಥಿತಿ ಎದುರಾಯಿತು. ಮುಂಬಯಿ, ಮದ್ರಾಸುಗಳಿಂದ ಬಂದ ಜಿಲ್ಲೆಗಳಲ್ಲಿ ಪಾನನಿರೋಧ. ಹೈದರಾಬಾದಿನಿಂದ ಬಂದ ಜಿಲ್ಲೆಗಳಲ್ಲಿ ಅಂಗಡಿ ತೆರೆದೇ ಇತ್ತು. ಒಂದೇ ರಾಜ್ಯ, ಕುಡಿಯುವವನಿಗೆ ಎರಡು ಕಾನೂನು. 1965ರ ಅಬಕಾರಿ ಕಾಯ್ದೆ ಜಾರಿಯಾಗಿ, ಆ ದಶಕದ ಕೊನೆಗೆ ನಿಷೇಧ ಸಡಿಲವಾದ ಮೇಲೆ ಇದು ಒಂದು ಹಳಿಗೆ ಬಂತು. ಆಮೇಲಿನದು ಸಾರಾಯಿಯ ಕಾಲ. ಹರಾಜು ಹಿಡಿದ ಗುತ್ತಿಗೆದಾರರು, ಪ್ಲಾಸ್ಟಿಕ್ ಪ್ಯಾಕೆಟ್ಟುಗಳು, ಕೂಲಿಯೆಲ್ಲ ಅಂಗಡಿಗೆ ಹೋದ ಮನೆಗಳು, ಅದರ ವಿರುದ್ಧ ಬೀದಿಗಿಳಿದ ಹೆಣ್ಣುಮಕ್ಕಳು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಹೆಂಡ ಅದಕ್ಕೂ ಮೊದಲೇ ಕರಾವಳಿ ಬಿಟ್ಟು ಹೆಚ್ಚಿನ ಜಿಲ್ಲೆಗಳಲ್ಲಿ ನಿಂತಿತ್ತು. ಹಾಗಾಗಿ ಇಂದು ಬಂಕಾಪುರದ ಅಂಗಡಿಯಲ್ಲಿ ಸಿಗುವ ಯಾವ ಮದ್ಯವೂ ಆ ಮಣ್ಣಿನ ಮರದ್ದಲ್ಲ. 2003ರಲ್ಲಿ ಶುರುವಾದ ರಾಜ್ಯ ಪಾನೀಯ ನಿಗಮದ ಗೋದಾಮಿನಿಂದ ಪೆಟ್ಟಿಗೆಯಲ್ಲಿ ಬಂದದ್ದು.

ಮಣ್ಣಿನ ಸಂಬಂಧ ಪೂರಾ ಕಡಿದಿಲ್ಲ. ಭಾರತದ ಲಾಗರುಗಳಲ್ಲಿ ಮಾಲ್ಟಿನ ಜೊತೆ ಅಕ್ಕಿ ಮತ್ತು ಗೋವಿನ ಜೋಳ ಸೇರಿಸುವುದು ಸಾಮಾನ್ಯ. ಬಂಕಾಪುರ ಈಗ ಸೇರಿರುವ ಹಾವೇರಿ ಜಿಲ್ಲೆ ಗೋವಿನ ಜೋಳದ ದೊಡ್ಡ ಬೆಳೆಗಾರ; ಹಾನಗಲ್ಲು ಭತ್ತದ ಸೀಮೆ. ಬಂಕಾಪುರಕ್ಕೆ ಹತ್ತಿರದ ಬಾಡದಲ್ಲಿ ಹುಟ್ಟಿದ ಕನಕದಾಸರು ರಾಮಧಾನ್ಯಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಆರು ತಿಂಗಳು ಸೆರೆಯಲ್ಲಿಟ್ಟರೂ ಕೆಡದ ರಾಗಿಯನ್ನು ಗೆಲ್ಲಿಸಿದರು. ಬ್ರೂವರಿಯಲ್ಲಿ ಈವರೆಗೆ ಗೆದ್ದಿರುವುದು ಅಕ್ಕಿ. ರಾಗಿ ಈಗಷ್ಟೇ ಮೈಕ್ರೊಬ್ರೂವರಿಗಳ ಹಂಡೆಗೆ ಬರುತ್ತಿದೆ. ಮೊಳಕೆ ರಾಗಿಯಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಚೆನ್ನಾಗಿಯೇ ಇರುತ್ತದೆ. ನೇಪಾಳ, ಸಿಕ್ಕಿಂಗಳಲ್ಲಿ ತೋಂಗ್ಬಾ ಎಂಬ ಬಿಸಿ ಪಾನೀಯ ರಾಗಿಯಿಂದಲೇ ಆಗುತ್ತದೆ.

ಭೇಟಿ ಕೊಡುವವರಿಗೆ

ಬಂಕಾಪುರ ಕಡೆಯವರಿಗೆ ಪಾನೀಯ ಸಂಗ್ರಹಾಲಯ ನೋಡಲು ಬೆಂಗಳೂರಿಗಿಂತ ಗೋವಾ ಹತ್ತಿರ. ಕಾಂದೋಳಿಯಲ್ಲಿ 2021ರಲ್ಲಿ ತೆರೆದ ಆಲ್ ಅಬೌಟ್ ಆಲ್ಕೊಹಾಲ್ ಸಂಗ್ರಹಾಲಯದಲ್ಲಿ ಫೆನಿ ತುಂಬುತ್ತಿದ್ದ ಹಳೆಯ ಗಾಜಿನ ಬುರುಡೆಗಳು, ಅಳತೆಯ ಪಾತ್ರೆಗಳು, ಬಟ್ಟಿಯ ಮಡಕೆಗಳಿವೆ. ಹಳ್ಳಿಯ ಮದ್ಯವನ್ನೂ ನಾಚಿಕೆಯಿಲ್ಲದೆ ಪರಂಪರೆಯೆಂದು ಇಟ್ಟು ತೋರಿಸಬಹುದೆಂಬುದಕ್ಕೆ ಅದು ಮಾದರಿ. ಕುಂಕಳ್ಳಿಯಲ್ಲಿ ಪೌಲ್ ಜಾನ್ ವಿಸ್ಕಿ ತಯಾರಿಕಾ ಘಟಕದ ಭೇಟಿ ಕೇಂದ್ರ ಮತ್ತು ರುಚಿ ಕೋಣೆ ಇದೆ, ಕಂಪನಿ ಬೆಂಗಳೂರಿನದು. ದೊಡ್ಡಬಳ್ಳಾಪುರ ಬಳಿ 1988ರಲ್ಲಿ ಆರಂಭವಾದ ಗ್ರೋವರ್ ವೈನರಿಯಲ್ಲಿ ದ್ರಾಕ್ಷಿ ತೋಟ, ನೆಲಮಾಳಿಗೆ ಸುತ್ತಿಸಿ ವೈನ್ ರುಚಿ ತೋರಿಸುವ ಏರ್ಪಾಡುಂಟು. ಎಲ್ಲ ಕಡೆಯೂ ಮುಂಗಡ ತಿಳಿಸಿ ಹೋಗುವುದು ಒಳ್ಳೆಯದು. ದೊಡ್ಡ ಬಿಯರ್ ಕಾರ್ಖಾನೆಗಳು ಅಬಕಾರಿ ಅಧಿಕಾರಿಗಳ ಕಣ್ಗಾವಲಿನಲ್ಲಿ ನಡೆಯುವುದರಿಂದ ಅಲ್ಲಿಗೆ ಸುಮ್ಮನೆ ಹೋಗಿ ಬಾಗಿಲು ತಟ್ಟುವಂತಿಲ್ಲ.

ಕರ್ನಾಟಕದಲ್ಲಿ ಮದ್ಯ ಕೊಡುವುದು 21 ವರ್ಷ ತುಂಬಿದವರಿಗೆ. ಗೋವಾದಿಂದ ಬಾಟಲಿ ತರಲು ಪರವಾನಗಿ ಬೇಕು. ಇಲ್ಲದಿದ್ದರೆ ಗಡಿಯ ತಪಾಸಣೆಯಲ್ಲಿ ಬಾಟಲಿಯೂ ಹೋಗುತ್ತದೆ, ಮೊಕದ್ದಮೆಯೂ ಬರುತ್ತದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಾಂಶ ಮೀರಿ ಗಾಡಿ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ರುಚಿ ಕೋಣೆಯ ಪುಟ್ಟ ಲೋಟಗಳು ಆರಾದರೆ ಒಂದು ಬಾಟಲಿಯಷ್ಟಾಗುತ್ತದೆ, ಆದ್ದರಿಂದ ಗಾಡಿ ಓಡಿಸುವವರು ಲೋಟ ಹಿಡಿಯದಿರುವುದೇ ಸರಿ.